ನಡೆದ ಕುಂಕುಮ

ನಮಗೆ ಹೊಲವಿರಲಿಲ್ಲ, ಎತ್ತಿರಲಿಲ್ಲ.
ಹಟ್ಟಿ ಕ್ಯಾಂಪಿನ ತಗಡಿನ ಮನೆ,
ದಿನಕ್ಕೆ ಮೂರು ಸಲ ಕೂಗುವ ಸೈರನ್ನು,
ಎರಡನೇ ಪಾಳಿಗೆ ನೆಲದೊಳಗೆ ಇಳಿದ ಅಪ್ಪ.

ಆದರೂ ಮಣ್ಣೆತ್ತಿನ ಅಮಾಸಿ ಬಂತೆಂದರೆ
ಆಯಿ ಸೆರಗು ಸಿಕ್ಕಿಸಿ ಕೂತಳೇ ಸೈ.
"ಹೊಲ ದಾಯಾದ್ಯರ ಪಾಲಿಗೆ ಹೋತು,
ಅಮಾಸಿ ನಮ್ಮ ಪಾಲಿಗೆ ಬಂತು.
ಯಾರಿಗೆ ಹೆಚ್ಚು ಸಿಕ್ತು, ನೀವ ಹೇಳ್ರಿ."
ನಾವು ಯಾರೂ ಹೇಳುತ್ತಿರಲಿಲ್ಲ.

ಕ್ಯಾಂಪಿನ ಮಣ್ಣು ಎತ್ತಿಗಾಗದು.
ಚಿನ್ನ ಸೋಸಿ ಚೆಲ್ಲಿದ ಬೂದಿಬಣ್ಣದ ಪುಡಿ,
ಕಾಲು ಮಾಡಿ ನಿಲ್ಲಿಸಿದರೆ ಮೊಣಕಾಲೂರುತ್ತದೆ.
ಎರೆಮಣ್ಣೇ ಬೇಕು. ಅದನ್ನು
ಗುರುಗುಂಟಾ ದಾರಿಯ ಹೊಲದಿಂದ
ಮೊಸರಿನ ಬುಟ್ಟಿಯಲ್ಲಿ ಹೊತ್ತು ತರುವವಳು ಖಾಸಿಂಬಿ.
ಬದಲಿಗೆ ಅವಳಿಗೆ ಎರಡು ಹೋಳಿಗೆ.
ಮೊಹರಮ್ಮಿಗೆ ನಮಗೆ ಚೊಂಗೆ.

ಎತ್ತು ಆಯಿಯದು, ಗ್ವಾದಲಿ ನನ್ನದು,
ಕಣ್ಣಿಗೆ ಒತ್ತಲು ನಾಲ್ಕು ಬಿಳಿಜೋಳ.
ಮುದುಕಪ್ಪನಿಗೆ ಇದ್ಯಾವುದೂ ಬೇಡ.
ಮುದುಕಪ್ಪ ಅಂದರೆ ನನ್ನ ತಮ್ಮ,
ಐದು ತುಂಬಿ ಆರಕ್ಕೆ ಬಿದ್ದವನು.
ಮಿರಗದ ಮಳೆಯಾದಾಗಿನಿಂದ
ಶಾಲೆಯ ಹಿಂದಿನ ಬಾರಿಗಿಡದ ಬುಡದಲ್ಲಿ
ಬೋರಲು ಬಿದ್ದು, ಮೂಗು ನೆಲಕ್ಕೆ ಹಚ್ಚಿದ್ದ.

ಮಿರಗದ ಹುಳ!
ಅವ್ವನ ಮದುವೆ ಕುಬಸದಿಂದ ಕತ್ತರಿಸಿ ಬಿದ್ದಂಥ
ಕೆಂಪು ಮಖಮಲ್ಲಿನ ಚೂರು, ಅದಕ್ಕೆ ಎಂಟು ಕಾಲು.
ಮುಟ್ಟಿದರೆ ಮಡಚಿಕೊಂಡು ಸತ್ತಂತೆ ಬೀಳುತ್ತದೆ.
ಉಸಿರು ಬಿಗಿಹಿಡಿದು ಕಾದರೆ
ಒಂದೊಂದೇ ಕಾಲು ಬಿಚ್ಚಿ
ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.
ಕಡ್ಡಿಪೆಟ್ಟಿಗೆಯಲ್ಲಿ ಹಸಿಮಣ್ಣು, ಒಂದೆಳೆ ಕರಿಕೆ,
ಸೂಜಿಯಿಂದ ಚುಚ್ಚಿದ ಕಿಟಕಿ.
ಒಂಬತ್ತು ಹುಳ, ಒಂಬತ್ತಕ್ಕೂ ಹೆಸರು.
ಸದಾ ಮಣ್ಣೊಳಗೆ ಹೋಗಿ ಕೂರುವುದಕ್ಕೆ
ಅಪ್ಪ ಅಂತ.

ಸಂಜೆ ಜಗುಲಿಯ ಮೇಲೆ ಜೋಡೆತ್ತು.
ಆಯಿ ಆರತಿ ಎತ್ತಿದಳು.
ಎಡಗಡೆ ಎತ್ತಿನ ಹಣೆಯ ಕುಂಕುಮ
ಅಲುಗಿತು.
ಮೆಲ್ಲಗೆ ಹಣೆ ಇಳಿದು,
ಜೋಳದ ಕಣ್ಣಿನ ಪಕ್ಕ ಒಂದು ಗಳಿಗೆ ನಿಂತು,
ಮೂಗುದಾರ ದಾಟಿ
ಗ್ವಾದಲಿಯ ಕಡೆ ನಡೆಯಿತು.

ಅವ್ವನ ಕೈ ಮುದುಕಪ್ಪನ ಬೆನ್ನಿಗೆ ಎದ್ದಿತ್ತು.
"ಹೊಡಿಬ್ಯಾಡ" ಅಂದ ಆಯಿ
ಆರತಿ ಕೆಳಗಿಟ್ಟು ಬಗ್ಗಿದಳು,
ಥೇಟ್ ಅವನ ಹಾಗೆ, ಮೂಗು ಹಚ್ಚಿ.
"ಅರವತ್ತು ವರ್ಸ ನಿಂತ ಎತ್ತಿಗೇ ಕೈ ಮುಗದೆ.
ಇವತ್ತ ನೋಡು, ಮೇಯಾಕ ಹೊಂಟೈತಿ."

ರಾತ್ರಿ ಸೈರನ್ ಕೂಗಿ ಎಷ್ಟೋ ಹೊತ್ತಿಗೆ
ಹಣೆಯ ಮೇಲೆ ಟೊಪ್ಪಿಗೆಯ ಗೆರೆ ಹೊತ್ತು ಅಪ್ಪ ಬಂದ.
ತಣ್ಣನೆ ಹೋಳಿಗೆಯ ಮುಂದೆ
ನಿದ್ದೆಗಣ್ಣಿನ ಮುದುಕಪ್ಪ ಪೆಟ್ಟಿಗೆ ತೆರೆದ.
ಎಂಟು.
"ಯಾವುದು ಕಡಿಮಿ?"
"ಅಪ್ಪ."

ಅಪ್ಪ ತಟ್ಟೆ ಸರಿಸಿದ.
ಅವರ ಗಣಿಯಲ್ಲಿ ಗೋಡೆ ತುಂಬ ಮೊಳೆ,
ಮೊಳೆಗೊಂದು ಹಿತ್ತಾಳೆ ಬಿಲ್ಲೆ.
ಹತ್ತಿ ಬಂದವನು ತನ್ನದನ್ನು ತೂಗುಹಾಕಬೇಕು,
ಒಂದು ಮೊಳೆ ಖಾಲಿ ಉಳಿದರೂ
ಯಾರೂ ಮನೆಗೆ ಹೋಗುವಂತಿಲ್ಲ.

ಬ್ಯಾಟರಿ ಹಿಡಿದು ಜಗುಲಿಯ ಮುಂದೆ ಮೊಣಕಾಲೂರಿದ.
ಗ್ವಾದಲಿ ಎತ್ತಿದ. ಹೂವು ಸರಿಸಿದ.
ಎತ್ತಿನ ಹೊಟ್ಟೆಯ ಕೆಳಗೆ, ಇನ್ನೂ ಹಸಿಯಿದ್ದ ಕಡೆ,
ಮಡಚಿಕೊಂಡು ಬಿದ್ದಿತ್ತು.
ಅಂಗೈಗೆ ತೆಗೆದುಕೊಂಡ.
ಅವ್ವ, ಆಯಿ, ನಾನು, ಯಾರೂ ಉಸಿರಾಡಲಿಲ್ಲ.
ಏಳು ಕಾಲು ಬೇಗ ಬಿಚ್ಚಿದವು,
ಎಂಟನೆಯದು ತಡವಾಯಿತು.

ಆ ಕತ್ತಲಲ್ಲೇ ಬಾರಿಗಿಡದ ಬುಡಕ್ಕೆ ಹೋಗಿ
ಒಂಬತ್ತನ್ನೂ ಎಣಿಸಿ ಬಿಟ್ಟರು ಅವರಿಬ್ಬರು.
ಖಾಲಿ ಪೆಟ್ಟಿಗೆ ತಲೆದಿಂಬಿನ ಕೆಳಗೆ.

ಮರುದಿನ ನಾನು ಕುಂಕುಮದ ಬಟ್ಟಲು ಹಿಡಿದು
ಬರಿಹಣೆಯ ಎತ್ತಿನ ಹತ್ತಿರ ಹೋದೆ.
ಆಯಿ ಕೈ ಹಿಡಿದಳು.
"ಇರ್ಲಿ ಬಿಡು.
ಅದರದು ಹೊರಗ ಹೋಗೈತಿ.
ಬರ್ತೈತಿ."