ಎರಡು ಗೆರೆ ಜಾಗ

ಮಾಸೆರುವಿನಿಂದ ಫಾರಂ ಬಂದಿದೆ,
ಮೊಣಕಾಲುದ್ದ ಹಿಮದಲ್ಲಿ, ಕುದುರೆಯ ಮೇಲೆ,
ಸೀಮೆಎಣ್ಣೆ ಡಬ್ಬದ ಜೊತೆ. ಒಂದು ಮೂಲೆ ಎಣ್ಣೆ ಕುಡಿದು
ಆಚೆಗಿನ ಬೆರಳು ಕಾಣುತ್ತದೆ.
ಹೆಸರು: ಮಾಲಿಟ್ಲಾರೆ. ವಯಸ್ಸು: ಐವತ್ತೊಂದು.
ಶಾಲೆ: ಕುರಿ ಕಾಯುವ ಹುಡುಗರದ್ದು, ರಾತ್ರಿಯದ್ದು.
ಏಳನೆಯ ಪ್ರಶ್ನೆ: ನೀವು ಯಾಕೆ ಕಲಿಸುತ್ತೀರಿ?
ಉತ್ತರಕ್ಕೆ ಎರಡು ಗೆರೆ ಜಾಗ.

ದೇಶಸೇವೆ ಎಂದು ಬರೆದೆ. ಹೊಡೆದು ಹಾಕಿದೆ.
ಒಂದು ಗೆರೆ ಅಲ್ಲಿಗೇ ಹೋಯಿತು.

ಅಪ್ಪ ಗಡಿಯಾಚೆ ಚಿನ್ನದ ಗಣಿಯಲ್ಲಿದ್ದ.
ತಿಂಗಳಿಗೊಂದು ಕಾಗದ. ಅವ್ವನಿಗೆ ಓದು ಬಾರದು.
ಬೆಟ್ಟ ಇಳಿದು ಅಂಗಡಿಗೆ ಹೋಗಬೇಕು;
ಅಂಗಡಿಯವನು ಕನ್ನಡಕ ಒರೆಸಿಕೊಂಡು
ಎಲ್ಲರಿಗೂ ಕೇಳುವ ಹಾಗೆ ಓದುತ್ತಿದ್ದ.
ಒಳ್ಳೆಯ ಮನುಷ್ಯ. ಒಂದು ಪದವನ್ನೂ ಬಿಡುತ್ತಿರಲಿಲ್ಲ.
ಸೋಪಿಗೆ ಬಂದವರು, ಉಪ್ಪಿಗೆ ಬಂದವರು
ನಿಂತು ಕೇಳುತ್ತಿದ್ದರು:
ಕಳಿಸಿದ ಹಣ ಇಷ್ಟು, ಹಸುವಿನ ಕಾಲು ಹೇಗಿದೆ, ಆಮೇಲೆ,
ಕಂಬಳಿಯೊಳಗೆ ನಿನ್ನ ಅಂಗಾಲು ಮಂಜುಗಡ್ಡೆ,
ಈಗ ಯಾರ ಕಾಲಿಗೆ ಒತ್ತಿ ಕಾಯಿಸಿಕೊಳ್ಳುತ್ತೀಯೆ?
ಉಪ್ಪಿನವರು ನಕ್ಕರು. ಅವ್ವ ನೆಲ ನೋಡಿದಳು.
ಏಳು ವರ್ಷದ ನನಗೆ ಏನು ತಿಳಿಯಬೇಕು.
ತಿಳಿದದ್ದು ಇಷ್ಟೆ: ಅದು ಅವಳೊಬ್ಬಳದಾಗಿತ್ತು.

ಉಳಿದ ಒಂದು ಗೆರೆಯಲ್ಲಿ
ಅವ್ವನ ಅಂಗಾಲನ್ನು ಹೇಗೆ ಹಿಡಿಸಲಿ?

ಎಂಟನೆಯದು: ಮಕ್ಕಳು ಎಷ್ಟು?
ಮೊದಲ ಚಳಿಗಾಲ ಮೊಹಾಪಿಯನ್ನು ನಾನೂ ಹೀಗೇ ಕೇಳಿದ್ದೆ,
ನಿನ್ನ ಕುರಿ ಎಷ್ಟೋ?
ಕಂಬಳಿಯ ತುದಿಗೆ ಮೂಗು ಒರೆಸಿಕೊಂಡು ಅಂದ,
‘ಎಷ್ಟೋ ಗೊತ್ತಿಲ್ಲ, ಟಿಚೆರೆ. ಯಾವುದು ಬಂದಿಲ್ಲ ಅಂತ ಗೊತ್ತು.
ಎಡಗಿವಿ ಹರಿದದ್ದು. ಕಪ್ಪು ಮೂತಿಯದರ ತಂಗಿ.’
ನೂರರವರೆಗೆ ಎಣಿಸುವುದು ಕಲಿಸಿದೆ, ಕಲಿಸಲೇಬೇಕು,
ಉಣ್ಣೆ ಕೊಳ್ಳುವವನ ತಕ್ಕಡಿಗೆ ಕರುಣೆಯಿಲ್ಲ.
ಆದರೆ ಅವತ್ತಿನಿಂದ ನಾನು ಹಾಜರಿ ಕೂಗುವುದಿಲ್ಲ.
ದೀಪ ಹಚ್ಚಿ ಮುಖ ನೋಡುತ್ತೇನೆ.
ಪಿಟ್ಸೊ ಬಂದಿಲ್ಲ. ಅವನ ಬೂಟು ಬಾಯಿಬಿಟ್ಟಿತ್ತು,
ನಿನ್ನೆಯೇ ಕಂಡಿದ್ದೆ.
ನಿನ್ನೆಯೇ ಕೇಳಬೇಕಿತ್ತು.

ಒಳ್ಳೆಯ ಶಿಕ್ಷಣವೆಂದರೆ ಏನು, ವಿವರಿಸಿ.
ತರಬೇತಿಯಲ್ಲಿ ಬರೆಸಿದ್ದರು. ಮರೆತೆ.
ನನ್ನ ಹತ್ತಿರ ಇರುವುದೆಲ್ಲ ಚಿಲ್ಲರೆ:
ಮೊದಲು ಗಂಜಿ, ಆಮೇಲೆ ಅಕ್ಷರ.
ಹಗಲೆಲ್ಲ ನಾಯಿಯ ಜೊತೆ ಮಾತ್ರ ಮಾತಾಡಿದ ಹುಡುಗನಿಗೆ
ಬಂದ ಕೂಡಲೇ ಪ್ರಶ್ನೆ ಹಾಕಬಾರದು.
ನಿದ್ದೆ ಹೋದವನನ್ನು ಎಬ್ಬಿಸಬಾರದು,
ಪುಸ್ತಕವನ್ನು ಮಾತ್ರ ದೀಪದಿಂದ ಸರಿಸಬೇಕು.
ಸಿಡಿಲಿಗೆ ಕುರಿಯೇ ಯಾಕೆ ಬೇಕು ಎಂದರೆ, ಗೊತ್ತಿಲ್ಲದಿದ್ದರೆ
ಗೊತ್ತಿಲ್ಲ ಅನ್ನಬೇಕು. ಮೊದಲ ಸಲ ಅಂದಾಗ
ಒಬ್ಬರ ಮುಖ ಒಬ್ಬರು ನೋಡಿಕೊಂಡು
ಕೂತ ಡಬ್ಬಗಳನ್ನು ಹತ್ತಿರ ಎಳೆದುಕೊಂಡರು.
ಕೆಲವರಿಗೆ ಏನೂ ಹತ್ತುವುದಿಲ್ಲ, ಅದೂ ನಿಜ.
ನಾಲ್ಕು ಚಳಿಗಾಲ ಕಳೆದರೂ ಒಬ್ಬನಿಗೆ
ಹೊಟ್ಟೆ ಮುಂದಿರುವ ಅಕ್ಷರ, ಹೊಟ್ಟೆ ಹಿಂದಿರುವ ಅಕ್ಷರ
ಎರಡೂ ಒಂದೇ. ಚಪ್ಪಡಿಯ ಮೇಲೆ ಗೆರೆ ಕೊರೆದು
ಮೊರಾಬರಾಬಾ ಆಡಲು ಕೂತರೆ
ಹನ್ನೆರಡು ಕಲ್ಲಿನಲ್ಲಿ ನನ್ನನ್ನು ಮುಗಿಸಿಬಿಡುತ್ತಾನೆ.
ಅವನಿಗೆ ಯಾವ ಕಲಮಿನಲ್ಲಿ ಗುರುತು ಹಾಕಲಿ?

ಅದೇ ಕುದುರೆಯ ಮೇಲೆ ಮೊಹಾಪಿಗೂ ಒಂದು ಕಾಗದ ಬಂದಿದೆ,
ಜೀನ್ಸ್ ಹೊಲಿಯುವ ಕಾರ್ಖಾನೆಯಿಂದ, ಅಕ್ಕನದು.
ಅಭ್ಯಾಸಬಲ, ನನ್ನ ಕಡೆಗೇ ಚಾಚಿದ.
ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡೆ.
ಬೆರಣಿ ತರುತ್ತೇನೆ ಎಂದು ಹೊರಗೆ ಬಂದೆ.
ಬೆರಣಿ ಒಳಗೇ ಇತ್ತು, ಗೋಡೆಗೆ ಎದೆಮಟ್ಟ.

ಬಾಗಿಲ ಸಂದಿನಿಂದ ಅವನ ದನಿ,
ಒದ್ದೆ ಹಗ್ಗದ ಗಂಟು ಬಿಚ್ಚುವ ಹಾಗೆ ಒಂದೊಂದೇ ಅಕ್ಷರ.
ಮೂರನೆಯ ಸಾಲಲ್ಲಿ ಸಿಕ್ಕಿಬಿತ್ತು. ಮತ್ತೆ ಅಲ್ಲೇ. ಮತ್ತೆ.
ಆ ಪದ ಯಾವುದೆಂದು ನನಗೆ ಹೊಳೆದಿತ್ತು.
ಕಾಲು ಮರಗಟ್ಟುತ್ತಿತ್ತು, ಅಂಗಾಲಿನಿಂದ ಮೇಲಕ್ಕೆ.
ಹೋಗಲಿಲ್ಲ.
ಅವನು ದನಿ ತಗ್ಗಿಸಿದ.
ಆಮೇಲೆ ನನಗೆ ಏನೂ ಕೇಳಿಸಲಿಲ್ಲ.