ಎಣಿಕೆಯ ಗುಂಡಿ

ಬನಹಟ್ಟಿ. ಕಂಡಿಕೆ ಸುತ್ತುವ ಅಂಗಡಿಯ ಮೇಲಿನ ಖೋಲಿ.
ಕೆಳಗೆ ಮಗ್ಗದ ಸದ್ದು ನಿಂತರೆ ಕರೆಂಟು ಹೋಯಿತೆಂದು ಅರ್ಥ,
ಆಗಲೂ ಹಾಡು ನಿಲ್ಲಬಾರದು, ಅದಕ್ಕೇ ಕಟ್ಟಿದ್ದು ಇದನ್ನು.
ನಡುವೆ ಉಗ್ರಾಣವಿಲ್ಲ, ಕೀಲಿಕೈ ಹಿಡಿದ ದಣಿಯಿಲ್ಲ;
ನನ್ನ ಫೋನಿನ ಪದ ನಿನ್ನ ಫೋನಿಗೆ,
ನಿನ್ನದು ಓಣಿಯಾಚೆ ಸೈಕಲ್ ತುಳಿಯುವವನ ಜೇಬಿಗೆ,
ಹೆಪ್ಪು ಈಸಿಕೊಂಡು ಹೋದ ಹಾಗೆ.

ಎಂಟು ದಿನದಿಂದ ಒಂದೇ ಜಗಳ.
ಮಲಿಕಸಾಬ ಅಂತಾನೆ: "ಅಂಕ ಕೊಡೂಣು.
ಹತ್ತು ಹಾಡು ಹಂಚಿದವಗ ಹಿತ್ತಾಳಿ, ನೂರಕ್ಕ ಬೆಳ್ಳಿ.
ನಮ್ಮಜ್ಜಂದು ತುರಾಯಿ ಪಕ್ಷ. ನಸುಕಿನ ತನಕ ಸವಾಲು ಹಾಡಿ
ಗೆದ್ದ ಡಪ್ಪಿಗೆ ಗೊಂಡೆ ಕಟ್ಟತಿದ್ದ.
ಅದೇನು, ಆಟ ಅಲ್ಲೇನು?"
ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೊನ್ನೆ ಪರೀಕ್ಷೆಗೆಂದು ದುಂಡವ್ವನ ಫೋನಿಗೆ ಹಾಕಿದೆವು.
ಬೀಸುವ ಪದ ಹಾಡಿದಳು, ನಡುವೆ ಮರೆತು
ಕಲ್ಲೊಂದೇ ತಿರುಗಿದ್ದೂ ದಾಖಲಾಯಿತು.
ಚುಕ್ಕೆ ಮಿಂಚಿತು: ಮೂರು ಅಂಕ.
ಮರುದಿನ ಹಾಡಲಿಲ್ಲ.
"ಉಳದ ಏಳು ಎಲ್ಲೆ ತಪ್ಪೀನಿ ಯವ್ವಾ?" ಎಂದಳು.

ಆ ರಾತ್ರಿಯೇ ಗುಂಡಿಯೊಂದನ್ನು ಬರೆದೆ, ಆಯ್ಕೆಗಳ ತಳದಲ್ಲಿ.
ಮೊದಲಿಂದ ಆರಿಯೇ ಇರುತ್ತದೆ.
ಬೇಕಾದವರು ಹೊತ್ತಿಸಿಕೊಳ್ಳಲಿ.
ಮಲಿಕಸಾಬ ಒಪ್ಪಿದ, ಅರ್ಧ;
ತನ್ನದರಲ್ಲಿ ಹೊತ್ತಿಸಿಕೊಂಡ. ಆಗಲೇ ಹನ್ನೆರಡು ಹಿತ್ತಾಳಿ.

ಇವತ್ತು ದುಂಡವ್ವನಿಂದ ಬಂದದ್ದು ಪದ ಅಲ್ಲ,
ಬರೀ ಕಲ್ಲಿನ ಸದ್ದು, ನಾಲ್ಕು ನಿಮಿಷ.
ಅದನ್ನೂ ಯಾರೋ ಈಸಿಕೊಂಡಿದ್ದಾರೆ.
ಎಷ್ಟು ಮಂದಿ ಎಂದು ನೋಡುವ ಆಸೆ
ನನಗೂ ಇದೆ.