ಬೇರೊಬ್ಬರ ಬಳಕೆಯಲ್ಲಿದೆ

ಕಡತ ತೆರೆಯುತ್ತಿಲ್ಲವಂತೆ.
ವಾಸ್ಕೋದ ಹಮಾಲರ ಪತ್ತಿನ ಸಂಘದಿಂದ
ಸೋಮವಾರ ಬೆಳಿಗ್ಗೆ ಎಂಟೂವರೆಗೆ ಫೋನು.
ಮಂಗೋರ್ ಗುಡ್ಡ ಇಳಿದು ನಾನು ಮುಟ್ಟುವಷ್ಟರಲ್ಲಿ
ಮೆಟ್ಟಿಲ ತುಂಬ ಜನ,
ಬೆವರಿಗೆ ಮೆತ್ತಗಾದ ಪಾಸ್‌ಬುಕ್ಕು,
ಟವೆಲ್ಲಿಗೆ ಹತ್ತಿದ ಅದಿರಿನ ಕೆಂಪು.
ಚೌತಿಗೆ ಇನ್ನು ನಾಲ್ಕೇ ದಿನ.

ಎರಡು ಸಲ ಒತ್ತಿದೆ.
‘ಈ ಕಡತ ಈಗಾಗಲೇ ಬೇರೊಬ್ಬರ ಬಳಕೆಯಲ್ಲಿದೆ.’
ಯಾರ?
ಆಫೀಸಿನಲ್ಲಿ ಇದ್ದದ್ದು ನಾನು, ಕಾರ್ಯದರ್ಶಿ ಬಾಯಿ,
ತಿರುಗಲೋ ಬೇಡವೋ ಎನ್ನುವ ಒಂದು ಫ್ಯಾನು.

ಬಲ್ಲಷ್ಟು ಮಾಡಿದೆ.
ಆರಿಸಿ ಹಚ್ಚಿದೆ. ವಾಯರು ಕಿತ್ತು ಊದಿ ಸಿಕ್ಕಿಸಿದೆ.
ಹೆಸರು ಬದಲಿಸಹೋದೆ, ಒಪ್ಪಲಿಲ್ಲ.
ರಿಪೇರಿ ಎಂಬ ಗುಂಡಿಗೂ ಅದೇ ಉತ್ತರ:
ಬೇರೊಬ್ಬರು, ಬೇರೊಬ್ಬರು.
ಬಾಯಿ ಮೂರು ಊದುಬತ್ತಿ ಹಚ್ಚಿದರು.
ಹೊಗೆ ಫ್ಯಾನಿನವರೆಗೆ ಹೋಗಿ ವಾಪಸು ಬಂತು.

ಮೆಟ್ಟಿಲ ಮೇಲಿಂದ ಒಂದು ದನಿ:
“ನೂರು ಕಿಲೋ ಮೂಟಿ ಎತ್ತತೀವಿ ನಾವು,
ಒಂದು ಫೈಲು ಎತ್ತಾಕ ಬರವಲ್ದೇನ್ರಿ ನಿಮಗ?”
ಎಲ್ಲ ನಕ್ಕರು. ನಾನೂ.

ಆಮೇಲೆ ಕಣ್ಣಿಗೆ ಬಿತ್ತು,
ದೊಡ್ಡ ಕಡತದ ಮಗ್ಗುಲಿಗೇ ಒಂದು ಪುಟಾಣಿ ಕಡತ.
ಅದೇ ಹೆಸರು, ಬಾಲ ಮಾತ್ರ ಬೇರೆ.
ಯಾರೋ ಒಳಗಿದ್ದಾರೆ ಎನ್ನಲು
ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಹಾಗೆ.
ನೋಟ್‌ಪ್ಯಾಡಿನಲ್ಲಿ ಬಿಡಿಸಿದೆ. ಕಸದ ನಡುವೆ
ಓದಲಿಕ್ಕೆ ಬಂದದ್ದು ಒಂದೇ ಮಾತು:
ರೂಮ್ ಮೂರು.

“ಅದು ರೆಬೆಲೊ ಸಾಹೇಬರ ಕೋಣೆ.
ಶುಕ್ರವಾರ ರಿಟೈರಾದರು. ಹಾರ, ಕೇಕು, ಎಲ್ಲ ಆಯ್ತು.
ಬೀಗದಕೈ ಕೊಡುವಾಗ ಹೇಳಿದರಲ್ಲ,
ಎಲ್ಲ ಆರಿಸಿ ಬಂದಿದ್ದೇನೆ ಅಂತ.”

ಬಾಗಿಲು ತೆಗೆದರೆ ಬಾಡಿದ ಚೆಂಡುಹೂವಿನ ವಾಸನೆ.
ಪರದೆ ಕಪ್ಪು.
ಮೇಜಿನ ಕೆಳಗೆ ಡಬ್ಬಿ ಮಾತ್ರ ಗುಂಯ್‌ಗುಡುತ್ತಿತ್ತು,
ಮುಟ್ಟಿದರೆ ಬೆಚ್ಚಗೆ,
ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಂತೆ.
ಮೂವತ್ತೊಂದು ವರ್ಷ ಪೈಸೆ ಪೈಸೆ ಲೆಕ್ಕ ಬರೆದವರು
ಆರಿಸಿದ್ದು ಪರದೆಯೊಂದನ್ನೇ.
ಮೂರು ರಾತ್ರಿ ಕರೆಂಟೂ ಹೋಗಿರಲಿಲ್ಲ,
ಎಂದೂ ಇಲ್ಲದ್ದು.

ಪರದೆ ಹಚ್ಚಿದೆ.
ಸದಸ್ಯ ನಾನ್ನೂರ ಹನ್ನೆರಡು, ಯಲಗೂರಪ್ಪ ತಳವಾರ.
ಜಮೆ, ಸಾಲ, ಕಂತು, ಸರಿ.
ತನ್ನ ನಂತರ ಹಣ ಯಾರಿಗೆ ಎಂಬ ಚೌಕದಲ್ಲಿ
ಹಳೆಯ ಹೆಸರು ಅಳಿಸಿದೆ.
ಅಲ್ಲಿ ಮೂರೇ ಇಂಗ್ಲಿಷ್ ಅಕ್ಷರ, ಎನ್, ಇ, ಇ,
ಅದರ ಮುಂದೆ ಮಿಡಿಯುವ ಕಡ್ಡಿ.
ಸಾಹೇಬರೇ, ಕೇಕು ಕೊಯ್ಯಲು ಬನ್ನಿ
ಎಂದು ಆಗ ಕರೆದಿರಬೇಕು ಯಾರೋ.
ಮುಚ್ಚಹೋದರೆ ಕೇಳಿತು: ಬದಲಾವಣೆ ಉಳಿಸಲೇ?

ಹೊರಗೆ ಬಂದು ನಂಬರು ಕೂಗಿದೆ.
ಎದ್ದವನು ಅದೇ ಮೂಟೆಯ ಮಾತಿನವನು.
ಕುರ್ಚಿ ಕೊಟ್ಟೆ, ಕೂರಲಿಲ್ಲ.
ಬಾಗಿಲು ಅರ್ಧ ಎಳೆದುಕೊಂಡು, ದನಿ ಇಳಿಸಿ:
“ನೀಲವ್ವ ಅಂತ ಬರೀರಿ.
ಮುಂದ ಸಂಬಂಧ ಏನು ಅಂತ ಕೇಳತೈತಿ ಅದು.
ಸಾಹೇಬ್ರಿಗೂ ಹೇಳಿದ್ದೆ,
ಆ ಖಾನೆ ಖಾಲಿ ಇರಲಿ.”

ಬರೆದೆ. ಖಾಲಿ ಬಿಟ್ಟೆ. ಉಳಿಸಿದೆ.
ಗೋಡೆಯಾಚೆ ಬಾಯಿ ಕೂಗಿದರು: ತೆರೀತು!
ಹೋಗಿ ನೋಡಿದರೆ
ಊದುಬತ್ತಿಯ ಮುಂದೆ ಕೈಮುಗಿದು ನಿಂತಿದ್ದಾರೆ.